‘ಬತ್ತೀನಿ’ ಅನ್ನಬಾರದ ಮನೆ

ನಮ್ಮ ಮನೆಯಿಂದ ಹೊರಡುವವರು ಯಾರೂ ‘ಹೋಗಿ ಬತ್ತೀನಿ’ ಅನ್ನುವ ಹಾಗಿರಲಿಲ್ಲ. ಬೇರೆ ಮನೆಗಳಲ್ಲಿ ಬರೀ ‘ಹೋಗ್ತೀನಿ’ ಅಂದರೆ ಬೈಸಿಕೊಳ್ಳಬೇಕು. ನಮ್ಮಲ್ಲಿ ಅದು ತಿರುವುಮುರುವು. ಅವ್ವ ಕಾಮಾಲೆಗೆ ಔಷಧಿ ಕೊಡುತ್ತಿದ್ದಳು. ಅವಳ ಔಷಧಿ ಕುಡಿದು ವಾಸಿಯಾದವರು ಮತ್ತೆ ನಮ್ಮ ಹೊಸ್ತಿಲು ದಾಟಬಾರದು, ದಾಟಿದರೆ ಬಿಟ್ಟುಹೋದ ಕಾಮಾಲೆ ವಾಪಸ್ ಹತ್ತಿಕೊಳ್ಳುತ್ತದೆ ಎಂಬುದು ಕಟ್ಟಳೆ. ನಮ್ಮಜ್ಜಿ, ಅಂದರೆ ಅವ್ವನ ಅತ್ತೆ, ಸೊಪ್ಪಿನ ಗುರುತು ತೋರಿಸಿಕೊಟ್ಟ ದಿನವೇ ಇದನ್ನೂ ಒಪ್ಪಿಸಿ ಹೋಗಿದ್ದಳಂತೆ. ಹಾಗಾಗಿ ಬಂದವರು ಔಷಧಿ ಕುಡಿದು, ಎಲೆ ಅಡಿಕೆ ಇಟ್ಟು, ಕೈಯನ್ನೂ ಮುಗಿಯದೆ ಎದ್ದು ಹೋಗುತ್ತಿದ್ದರು.

ಊರು ಕಿರುಗಾವಲಿನಿಂದ ಒಂದೆರಡು ಮೈಲಿ ಒಳಕ್ಕೆ. ಭಾನುವಾರ ಬೆಳಗಾದರೆ ಜಗಲಿಯ ಮೇಲೆ ಜನ. ಮಳವಳ್ಳಿಯ ಗ್ಯಾರೇಜಿನಲ್ಲಿ ಕೆಲಸ ಮಾಡುವವರು, ಕಬ್ಬು ಕಡಿಯುವವರು, ಮೇಷ್ಟ್ರುಗಳು, ಬುರ್ಖಾ ತೊಟ್ಟ ತಾಯಿಯ ತೊಡೆ ಮೇಲೆ ಮಲಗಿದ ಹಳದಿ ಮುಖದ ಮಗು. ಅವ್ವ ಒಬ್ಬೊಬ್ಬರ ಗದ್ದ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿ, ಹೆಬ್ಬೆರಳಿನಲ್ಲಿ ಕೆಳರೆಪ್ಪೆ ಎಳೆದು ನೋಡುತ್ತಿದ್ದಳು. ಆಮೇಲೆ ನೆಲನೆಲ್ಲಿ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುತ್ತಿದ್ದಳು. ಉಪ್ಪಿಲ್ಲ, ಎಣ್ಣೆಯಿಲ್ಲ, ಮೂರು ವಾರ ಪಥ್ಯ. ಕಾಸು ಮುಟ್ಟುತ್ತಿರಲಿಲ್ಲ. ಅವಳ ಹೆಮ್ಮೆಯೆಲ್ಲ ಒಂದೇ ಮಾತಿನಲ್ಲಿತ್ತು: “ಇಷ್ಟು ವರ್ಸಕ್ಕೆ ಒಬ್ರಾದ್ರೂ ವಾಪಸ್ ಬಂದವ್ರಾ ಕೇಳು.”

ಬರಬೇಡಿ ಎಂದು ಹೇಳಿ ಕಳಿಸಿದವರು ಬರಲಿಲ್ಲ ಎಂಬುದೇ ಅವಳಿಗೆ ರುಜುವಾತು. ಗುಣವಾದವರೂ ಬರಲಿಲ್ಲ, ಸತ್ತವರೂ ಬರಲಿಲ್ಲ. ಇದು ನನಗೆ ಹೊಳೆಯುವ ಹೊತ್ತಿಗೆ ನಾನು ಮದ್ದೂರಿನಲ್ಲಿ ರಕ್ತ ಪರೀಕ್ಷೆಯ ಸಣ್ಣ ಲ್ಯಾಬು ಇಟ್ಟು ಎಷ್ಟೋ ವರ್ಷವಾಗಿತ್ತು. ನೀರಿನಿಂದ ಬರುವ ಸಾಮಾನ್ಯ ಕಾಮಾಲೆ ಔಷಧಿ ಕುಡಿದರೂ ಹೋಗುತ್ತದೆ, ಕುಡಿಯದಿದ್ದರೂ ಹೋಗುತ್ತದೆ. ರಕ್ತದಿಂದ ರಕ್ತಕ್ಕೆ ದಾಟುವ ಬಿ ವೈರಸ್ಸಿನದು ಬೇರೆಯೇ ಜಾತಿ. ಅದು ಕಣ್ಣು ಹಳದಿ ಮಾಡದೆಯೇ ಈಲಿಯೊಳಗೆ, ಅಂದರೆ ಲಿವರ್‌ನೊಳಗೆ, ಮೂವತ್ತು ನಲವತ್ತು ವರ್ಷ ಕೂತಿರಬಲ್ಲದು. ಹೀಗೆ ಕೂತು ಕೂತು ಕೊನೆಗೆ ಕ್ಯಾನ್ಸರ್ ಎಬ್ಬಿಸಬಲ್ಲದು. ಇಷ್ಟು ಗೊತ್ತಿದ್ದೂ ಅವ್ವನ ಹತ್ತಿರ ನಾನು ಬಾಯಿ ಬಿಡಲಿಲ್ಲ. ಸೊಪ್ಪಿನಿಂದ ಯಾರಿಗೇನು ನಷ್ಟ ಎಂದುಕೊಂಡೆ.

ಅಕ್ಕನಿಗೆ ಹದಿನಾಲ್ಕನೇ ವಯಸ್ಸಿನಲ್ಲಿ ಕಾಮಾಲೆ ಬಂದಿತ್ತು. ಆಗ ನನಗೆ ಹನ್ನೊಂದು. ಅವ್ವ ತಾನೇ ಔಷಧಿ ಕೊಟ್ಟಳು, ಅಕ್ಕ ಗುಣವಾದಳು. ಆದರೆ ಕಟ್ಟಳೆ ಏನಾಗಬೇಕು? ಗುಣವಾದವಳು ಹೊಸ್ತಿಲು ದಾಟುವಂತಿಲ್ಲ, ಮಗಳನ್ನು ಮನೆಯಿಂದ ಆಚೆ ಹಾಕುವಂತೆಯೂ ಇಲ್ಲ. ಅವ್ವ ಒಂದಿಡೀ ದಿನ ಯೋಚಿಸಿ ಒಂದು ದಾರಿ ಕಂಡುಕೊಂಡಳು. ಅಂದಿನಿಂದ ಅಕ್ಕನ ಓಡಾಟವೆಲ್ಲ ಹಿತ್ತಲ ಬಾಗಿಲಲ್ಲಿ. ಕೊಟ್ಟಿಗೆ ಬಳಸಿ, ತಿಪ್ಪೆ ಪಕ್ಕದಲ್ಲಿ ಹಾದು, ಸ್ಕೂಲ್ ಬ್ಯಾಗು ಹೊತ್ತು ಒಳಗೆ ಬರುತ್ತಿದ್ದಳು. ನಾನು “ಏನಮ್ಮಾ ಎಮ್ಮೆ, ಕೊಟ್ಟಿಗೆಯಿಂದ ಬಂದ್ಯಾ” ಅಂತ ರೇಗಿಸಿದರೆ ಬ್ಯಾಗಿನಲ್ಲೇ ಬೀಸಿ ಹೊಡೆಯುತ್ತಿದ್ದಳು. ಮದ್ದೂರಿನ ಹತ್ತಿರದ ಕೊಪ್ಪಕ್ಕೆ ಮದುವೆಯಾಗಿ ಹೋದ ಮೇಲೂ ಹಬ್ಬಕ್ಕೆ ಬಂದರೆ ಹಿತ್ತಲಿನಿಂದಲೇ. ಒಳಗೆ ಕಾಲಿಟ್ಟ ಕೂಡಲೇ ಅವ್ವ ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ರೆಪ್ಪೆ ಎಳೆಯುತ್ತಿದ್ದಳು. “ಬೆಳ್ಳಗದೆ” ಅಂದ ಮೇಲೆಯೇ ನೀರು, ಕಾಫಿ, ಮಿಕ್ಕ ಮಾತು.

ಅಕ್ಕ ಮುಂಬಾಗಿಲು ದಾಟಿದ್ದು ಒಂದೇ ಒಂದು ಸಲ. ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಳವಳ್ಳಿಯಲ್ಲಿ ಹೆತ್ತು, ಹೆಣ್ಣುಕೂಸನ್ನು ಎತ್ತಿಕೊಂಡು ಆಟೋದಲ್ಲಿ ಇಳಿದಾಗ ಬೀದಿಯ ಹೆಂಗಸರು ಆರತಿ ತಟ್ಟೆ ಹಿಡಿದು ಮುಂಬಾಗಿಲಲ್ಲೇ ನಿಂತಿದ್ದರು. ಹಸೀ ಬಾಣಂತಿಯನ್ನು ತಿಪ್ಪೆ ಪಕ್ಕದಲ್ಲಿ ಕರೆದುಕೊಂಡು ಹೋಗುವುದುಂಟೇ ಎಂದು ಗದರಿದರು. ಅವ್ವ ಒಂದು ಗಳಿಗೆ ತಡವರಿಸಿದಳು. ಆಮೇಲೆ “ಬಲಗಾಲು ಮಡಗು ಕಣವ್ವ” ಅಂದಳು. ಅಕ್ಕ ಕೂಸಿನ ಸಮೇತ ಮುಂಬಾಗಿಲಿನಿಂದ ಒಳಗೆ ಬಂದಳು.

ಹೋದ ವರ್ಷ ಯುಗಾದಿ ಕಳೆದ ಮೇಲೆ ಅಕ್ಕ ಕೊಪ್ಪದಿಂದ ಬಸ್ಸು ಹತ್ತಿ ನನ್ನ ಲ್ಯಾಬಿಗೆ ಬಂದಳು. ಸುಸ್ತು, ಊಟ ಸೇರಲ್ಲ, ಹಲ್ಲುಜ್ಜಿದರೆ ರಕ್ತ. “ಎಲ್ಲಾರ್ದೂ ನೋಡ್ತೀಯ, ನಂದೂ ಒಂದ್ಸಲ ನೋಡ್ಲಾ” ಅಂದಳು. ಅವಳ ರಕ್ತ ಯಂತ್ರಕ್ಕಿಟ್ಟೆ. ಪ್ಲೇಟ್‌ಲೆಟ್ ಇರಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ. ಯಂತ್ರದ ಮಾತು ನಂಬದೆ ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿದೆ. ನಿಜವಾಗಿಯೂ ಕಡಿಮೆ.

ಪ್ಲೇಟ್‌ಲೆಟ್ ಕಡಿಮೆ ಅಂದರೆ ಈಗ ನಮ್ಮ ಕಡೆ ಎಲ್ಲರಿಗೂ ನೆನಪಾಗುವುದು ಡೆಂಗಿ ಒಂದೇ. ಬೇರೆಯವರಿಗಾದರೆ ಹತ್ತು ಕಾರಣ ಹೇಳುತ್ತಿದ್ದ ನಾನು ಸ್ವಂತ ಅಕ್ಕನಿಗೆ “ಡೆಂಗಿ ಇರಬೌದು ಕಣಕ್ಕ, ಪರಂಗಿ ಎಲೆ ರಸ ಕುಡಿ” ಅಂದೆ. ಜ್ವರವೇ ಬಂದಿರಲಿಲ್ಲ, ಅದನ್ನು ಕೇಳಲಿಲ್ಲ. ಅವಳು ಹನ್ನೊಂದು ದಿನ ಆ ಕಹಿ ಕುಡಿದಳು. ಬಿ ವೈರಸ್ ಪರೀಕ್ಷೆಯ ಕಾರ್ಡುಗಳ ಡಬ್ಬಿ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು. ಎರಡು ತೊಟ್ಟು ಬಿಟ್ಟು ಹದಿನೈದು ನಿಮಿಷ ಕಾದಿದ್ದರೆ ಆಗುತ್ತಿತ್ತು. ಕಾಮಾಲೆಯನ್ನು ಊರಿಗೇ ವಾಸಿ ಮಾಡುವ ಮನೆಯ ಮಗಳಿಗೆ ಕಾಮಾಲೆಯ ವೈರಸ್ ಇರಬಹುದು ಎಂದು ನನ್ನ ತಲೆಗೆ ಬರಲೇ ಇಲ್ಲ. ಅವ್ವನ ಹೆಮ್ಮೆಯನ್ನು ನಾನೂ ಒಳಗೊಳಗೇ ನಂಬಿಕೊಂಡಿದ್ದೆ ಅಂತ ಕಾಣುತ್ತದೆ.

ಮಂಡ್ಯದಲ್ಲಿ ಸ್ಕ್ಯಾನು ಮಾಡಿದ ಡಾಕ್ಟರಮ್ಮ ನನ್ನನ್ನು ಒಬ್ಬನನ್ನೇ ಒಳಗೆ ಕರೆದರು. ಈಲಿ ಗಟ್ಟಿಯಾಗಿ ಕುಗ್ಗಿದೆ. ಅದಕ್ಕೇ ಗುಲ್ಮ, ಅಂದರೆ ಸ್ಪ್ಲೀನ್, ಊದಿಕೊಂಡು ಪ್ಲೇಟ್‌ಲೆಟ್ಟುಗಳನ್ನು ತನ್ನೊಳಗೆ ಹಿಡಿದಿಟ್ಟುಕೊಂಡಿದೆ. ಈಲಿಯ ಬಲಭಾಗದಲ್ಲಿ ಮೂರು ಗಡ್ಡೆ. ರಕ್ತದಲ್ಲಿ ಬಿ ವೈರಸ್. “ನೀವು ಲ್ಯಾಬಿನವರು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ” ಅಂದರು. ಹಾಗಂದವರು ಬಿಡಿಸಿಯೇ ಹೇಳಿದರು. ಈ ವಯಸ್ಸಿಗೆ ಇಷ್ಟು ಮುಂದುವರಿದಿದೆ ಅಂದರೆ ಬಹಳ ಚಿಕ್ಕಂದಿನಲ್ಲಿ ಬಂದಿರಬೇಕು, ಹೆಚ್ಚಾಗಿ ಹುಟ್ಟುವಾಗಲೇ, ತಾಯಿಯಿಂದ. ಮನೆಯವರನ್ನೆಲ್ಲ ಪರೀಕ್ಷೆ ಮಾಡಿ ಎಂದರು. ಅಕ್ಕನ ಮಗಳು ಆಗ ನಾಲ್ಕು ತಿಂಗಳ ಬಸುರಿ. ಆರತಿ ಎತ್ತಿಸಿಕೊಂಡು ಮುಂಬಾಗಿಲಲ್ಲಿ ಬಂದಿದ್ದ ಅದೇ ಕೂಸು.

ನಾನು ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಅಕ್ಕನ ಮಗಳದು ಎರಡು ಗೆರೆ. ಎರಡು ಗೆರೆ ಮೂಡಿದರೆ ವೈರಸ್ ಇದೆ ಎಂದು ಅರ್ಥ. ಅವಳಿಗೆ ಅಲ್ಲೇ ಹೇಳಿದೆ, ಹೇಳದೆ ವಿಧಿಯಿರಲಿಲ್ಲ. “ನನ್ನ ಮಗೀಗೂ ಬತ್ತದಾ ಮಾವ?” ಅಂದಳು. ಕೊನೆಯ ತಿಂಗಳುಗಳಲ್ಲಿ ಮಾತ್ರೆ ತೆಗೆದುಕೊಂಡರೆ, ಹುಟ್ಟಿದ ಕೂಡಲೇ ಕೂಸಿಗೆ ಎರಡು ಇಂಜೆಕ್ಷನ್ ಕೊಟ್ಟರೆ ಹೆಚ್ಚುಕಡಿಮೆ ತಡೆಯಬಹುದು ಅಂದೆ. ಅವಳ ತಾಯಿ ಹುಟ್ಟಿದಾಗ ಇವು ಇರಲಿಲ್ಲ, ಅವಳು ಹುಟ್ಟಿದಾಗ ನಮ್ಮಂಥವರಿಗೆ ಗೊತ್ತಿರಲಿಲ್ಲ.

ಅವ್ವನಿಗೆ “ಸಕ್ಕರೆ ಕಾಯಿಲೆ ಐತಾ ನೋಡ್ತೀನಿ ಕೈ ಕೊಡು” ಎಂದು ಸುಳ್ಳು ಹೇಳಿ ರಕ್ತ ತೆಗೆದೆ. ಹಿತ್ತಲಿನ ಕಲ್ಲಿನ ಮೇಲೆ ಕಾರ್ಡಿಟ್ಟು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಎರಡನೇ ಗೆರೆ ಹದಿನೈದು ನಿಮಿಷವನ್ನೂ ಕಾಯಿಸಲಿಲ್ಲ.

ಮದ್ದೂರಿಗೆ ವಾಪಸ್ ಬಂದು ಷಟರ್ ಅರ್ಧ ಎಳೆದು ನನ್ನ ಬೆರಳಿಗೂ ಚುಚ್ಚಿಕೊಂಡೆ. ಲ್ಯಾಬಿನ ಕೆಲಸಕ್ಕೆ ಸೇರಿದಾಗಲೇ ಲಸಿಕೆ ಹಾಕಿಸಿಕೊಂಡಿದ್ದೆ, ಪರೀಕ್ಷೆ ಮಾತ್ರ ಮಾಡಿಕೊಂಡಿರಲಿಲ್ಲ. ಮೊದಲೇ ಒಳಗೆ ಸೇರಿದವನಿಗೆ ಆಮೇಲೆ ಬಾಗಿಲು ಹಾಕಿ ಏನು ಪ್ರಯೋಜನ. ನನ್ನದೂ ಎರಡು ಗೆರೆ. ಹೆಂಡತಿ ಮಕ್ಕಳಿಗೆ ಇಲ್ಲ ಎಂದು ಗೊತ್ತಾದಾಗ ಲ್ಯಾಬಿನ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಈಗ ದಿನಕ್ಕೊಂದು ಮಾತ್ರೆ, ಆರು ತಿಂಗಳಿಗೊಂದು ಸ್ಕ್ಯಾನು. ಅವ್ವನನ್ನು ಬಿ.ಪಿ. ನೆಪ ಹೇಳಿ ಡಾಕ್ಟರಮ್ಮನಿಗೆ ತೋರಿಸಿದೆ. ಅವ್ವನ ಈಲಿ ಚೆನ್ನಾಗಿತ್ತು. ಒಂದೇ ವೈರಸ್ ತಾಯಿಯನ್ನು ಎಪ್ಪತ್ತರವರೆಗೆ ಮುಟ್ಟದೆ ಬಿಟ್ಟು ಮಗಳನ್ನು ತಿಂದಿತ್ತು.

ಅಕ್ಕನನ್ನು ಬೆಂಗಳೂರಿಗೆ ಕರೆದುಕೊಂಡು ಓಡಾಡಿದ ತಿಂಗಳುಗಳಲ್ಲಿ ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ನಾವು ರಿಪೋರ್ಟಿನಲ್ಲಿ ಲಿಂಫೋಸೈಟ್ ಎಂದು ಬರೆಯುವ, ನೇರಳೆ ಹಣ್ಣಿನ ಬಣ್ಣದ ದುಂಡು ಕೋಶಗಳಿವೆಯಲ್ಲ, ಅವುಗಳ ಮೇಲೆ ಈಗ ಎಷ್ಟೊಂದು ಕೆಲಸ ನಡೆದಿದೆ! ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ ರೋಗಿಯದೇ ಕೋಶಗಳನ್ನು ಹೊರಗೆ ತೆಗೆದು, ಕ್ಯಾನ್ಸರಿನ ಗುರುತು ಹಿಡಿಯುವಂತೆ ಬದಲಾಯಿಸಿ ವಾಪಸ್ ಬಿಡುತ್ತಾರೆ. ನಮ್ಮ ದೇಶದಲ್ಲೂ ಮಾಡುತ್ತಿದ್ದಾರೆ. ಇದನ್ನು ಹೇಳಿದಾಗ ಅಕ್ಕ ಹಾಸಿಗೆಯಲ್ಲಿ ಎದ್ದು ಕೂತಳು. “ನಂಗೂ ಅಂಗೇ ಮಾಡ್ಸಕಾಗಕಿಲ್ವಾ? ನಿಂದೇ ತಗಂಡು ಹಾಕ್ಲಿ, ನಿನ್ಗೇನು ಕಮ್ಮಿಯಾದದು” ಅಂದು ನಕ್ಕಳು. ಈಲಿಯ ಗಡ್ಡೆಗೆ ಅದು ಇನ್ನೂ ಪ್ರಯೋಗದ ಮಟ್ಟದಲ್ಲೇ ಇದೆ ಎಂದು ಡಾಕ್ಟರು ಹೇಳಿದ್ದರು. ನನ್ನ ಕೋಶಗಳ ಯೋಗ್ಯತೆ ಏನೆಂದು ನನಗೆ ಮಾತ್ರ ಗೊತ್ತಿತ್ತು.

ಆ ಕೋಶಗಳ ಮೇಲಿನ ತಡೆ ಬಿಚ್ಚುವ ಡ್ರಿಪ್ಪನ್ನು ಎರಡು ಸಲ ಕೊಟ್ಟರು. ಮೂರನೆಯದಕ್ಕೆ ಈಲಿ ತಡೆಯಲಾರದು ಎಂದು ನಿಲ್ಲಿಸಿದರು.

ಓದಿದ್ದರಲ್ಲಿ ಒಂದು ವಿಷಯ ನನ್ನನ್ನು ಬಿಡಲಿಲ್ಲ. ಹುಟ್ಟುವಾಗ ತಾಯಿಯಿಂದ ಬಂದ ವೈರಸ್ಸನ್ನು ಕೂಸಿನ ಕೋಶಗಳು ಮನೆಯವನೇ ಎಂದುಕೊಂಡು ಸುಮ್ಮನಿರುತ್ತವೆ ಎಂದು ನಾವು ಓದುವಾಗ ಕಲಿಸಿದ್ದರು. ಈಗಿನವರು ಅದು ಅಷ್ಟು ಸರಳವಲ್ಲ ಅನ್ನುತ್ತಾರೆ. ಕೋಶಗಳಿಗೆ ಗುರುತು ಸಿಕ್ಕಿರುತ್ತದೆ, ಸ್ವಲ್ಪ ಹೋರಾಡಿಯೂ ಇರುತ್ತವೆ; ಎದುರಾಳಿ ಎಷ್ಟು ವರ್ಷವಾದರೂ ಹೋಗದಿದ್ದಾಗ ದಣಿದು, ಗೊತ್ತಿದ್ದೂ ಏನೂ ಮಾಡದೆ ಕೂತುಬಿಡುತ್ತವೆ. ಗೊತ್ತಿದ್ದೂ ಸುಮ್ಮನೆ ಕೂತಿರುವುದು ಹೇಗೆಂದು ನಾನು ಆ ದಿನಗಳಲ್ಲಿ ಚೆನ್ನಾಗಿಯೇ ಕಲಿಯುತ್ತಿದ್ದೆ.

ಯಾಕೆಂದರೆ ಅವ್ವ ಅಷ್ಟರಲ್ಲಿ ತನ್ನದೇ ಕಾರಣ ಕಂಡುಹಿಡಿದುಕೊಂಡಿದ್ದಳು. ಕೊಪ್ಪದ ಮನೆಯಲ್ಲಿ ಅಕ್ಕನ ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಅರಿಸಿನದ ಹಾಗಾಗಿದ್ದ ದಿನ. ಮಧ್ಯಾಹ್ನ ಅವ್ವ ನನ್ನನ್ನು ಎಮ್ಮೆ ಕಟ್ಟುವ ಜಾಗಕ್ಕೆ ಕರೆದಳು.

“ನಾನೇ ಕಣ್ಲಾ ಇವ್ಳ ತಿಂದ್ಕಂಡೋಳು.”

ಯಾರು ಹೇಳಿದರು ಇವಳಿಗೆ?

“ಬಾಣಂತೀನ ಆವತ್ತು ಮುಂದ್ಲು ಬಾಗ್ಲಲ್ಲಿ ಕರ್ಕಂಬುಟ್ಟೆ. ನಮ್ಮತ್ತೆ ಬಡ್ಕಂಡಿದ್ಲು, ಯಾವ ಕಾಲಕ್ಕೂ ದಾಟಿಸ್ಬ್ಯಾಡ ಅಂತ. ಬೀದಿ ಹೆಂಗುಸ್ರ ಬಾಯಿಗೆ ಎದ್ರಿ ದಾಟಿಸ್ಬುಟ್ಟೆ. ವಾಪಸ್ ಬಂತು ನೋಡು, ಸುಮ್ನೆ ಬುಡ್ತದಾ?”

ಆರತಿಯ ತಟ್ಟೆ ಕೆಳಗಿಟ್ಟ ಕೂಡಲೇ ಅವ್ವ ಅಕ್ಕನ ರೆಪ್ಪೆ ಎಳೆದು ನೋಡಿದ್ದಳಂತೆ, ಬೆಳ್ಳಗಿತ್ತಂತೆ, ಅದಕ್ಕೇ ಧೈರ್ಯ ತಂದುಕೊಂಡಳಂತೆ. ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕಿದಳು. ಅಕ್ಕನಿಗೆ ಕೇಳಿಸಬಾರದಲ್ಲ.

ನಾನೇನು ಹೇಳಬೇಕಿತ್ತು? ‘ಬಾಗಿಲಿನಿಂದಲ್ಲ ಕಣವ್ವ’ ಅನ್ನಬಹುದಿತ್ತು. ಅಂದಿದ್ದರೆ ‘ಮತ್ತೆ ಯಾವುದರಿಂದ’ ಅಂತ ಕೇಳುತ್ತಿದ್ದಳು. ಕೇಳದೆ ಬಿಡುವ ಹೆಂಗಸಲ್ಲ ಅವಳು. ಹೊಸ್ತಿಲು ದಾಟಿಸಿದ ತಪ್ಪನ್ನು ಅವಳ ತಲೆಯಿಂದ ಇಳಿಸಬೇಕಾದರೆ ಹೆತ್ತದ್ದೇ ತಪ್ಪು ಎಂದು ಹೊರಿಸಬೇಕಿತ್ತು. ನಾನು ಗೋಡೆಗೆ ಒರಗಿ ನಿಂತು ಸುಮ್ಮನಿದ್ದೆ. ಅವಳು ಆ ಮೌನವನ್ನು ಹೌದು ಎಂದೇ ತೆಗೆದುಕೊಂಡಳು.

ಅಕ್ಕ ಅದಾಗಿ ಒಂಬತ್ತು ದಿನಕ್ಕೆ ಹೋದಳು. ಕೊನೆಯ ಸಲ ಆಸ್ಪತ್ರೆಗೆ ಒಯ್ಯಲು ವ್ಯಾನಿಗೆ ಎತ್ತುವಾಗ ಅವಳಿಗೆ ಅರೆಪ್ರಜ್ಞೆ. ಅವ್ವನ ಕೈ ಸಿಕ್ಕಿತು ಅಂತ ಕಾಣುತ್ತದೆ. “ಬತ್ತೀನಿ ಕಣವ್ವ” ಅಂದಳು. ಬತ್ತೀನಿ ಅನ್ನಬ್ಯಾಡ ಎಂದು ಜನ್ಮವೆಲ್ಲ ಎಲ್ಲರ ಬಾಯಿ ಮುಚ್ಚಿಸಿದ್ದ ಅವ್ವ “ಊಂ ಬಾ ಮಗ, ಬಿರ್ನೆ ಬಾ” ಅಂದಳು. ಅಕ್ಕ ಬರಲಿಲ್ಲ.

ತಿಥಿ ಮುಗಿದ ಮೇಲೆ ಅವ್ವ ಊರಿನ ನಮ್ಮ ಮನೆಗೆ ವಾಪಸ್ ಹೋಗಿ ಮುಂಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದಳು. ಭಾನುವಾರ ಬಂದವರು ಜಗಲಿಯ ಮೇಲೆ ಕೂತು ಕಾದು, ಕೂಗಿ, ಎದ್ದು ಹೋದರು. ತಾನೂ ಹಿತ್ತಲಿನಿಂದಲೇ ಓಡಾಡತೊಡಗಿದಳು. ಒಂದು ಸಲ ನಾನು ಹೋದಾಗ ತಿಪ್ಪೆ ಪಕ್ಕದಲ್ಲಿ ಗೋಡೆ ಹಿಡಿದುಕೊಂಡು ಮೆಲ್ಲಗೆ ಬರುತ್ತಿದ್ದಳು. ಎಪ್ಪತ್ತು ವರ್ಷದ ಹೆಂಗಸು, ಅಲ್ಲಿ ನೆಲ ಜಾರುತ್ತದೆ. “ಏನವ್ವ ಇದು, ಬುದ್ಧಿ ಐತಾ ನಿಂಗೆ?” ಅಂತ ರೇಗಿದೆ. “ಅವ್ಳು ಓಡಾಡ್ನಿಲ್ವಾ ಅಷ್ಟೊರ್ಸ” ಅಂದಳು. ನನಗೆ ಬಂದ ಸಿಟ್ಟು ಅವಳ ಮೇಲಿನದಲ್ಲ. ಆದರೂ ಅವಳ ಮೇಲೆಯೇ ಕೂಗಾಡಿ, ಬಾಗಿಲು ಬಡಿದು, ಬೈಕು ಹತ್ತಿ ಮದ್ದೂರಿಗೆ ಬಂದುಬಿಟ್ಟೆ.

ಅಕ್ಕನ ಮಗಳಿಗೆ ನೋವು ಬಂದದ್ದು ಬೆಳಗಿನ ಜಾವ. ಮಂಡ್ಯದ ಆಸ್ಪತ್ರೆಯಲ್ಲಿ ಎಂಟು ಗಂಟೆಯ ಹೊತ್ತಿಗೆ ಹೆರಿಗೆಯಾಯಿತು, ಹೆಣ್ಣುಕೂಸು. ಅವ್ವ ನಾನು ಇಬ್ಬರೂ ವರಾಂಡದ ಬೆಂಚಿನ ಮೇಲೆ ಕೂತಿದ್ದೆವು. ನರ್ಸು ಬಟ್ಟೆ ಸುತ್ತಿದ ಕೂಸನ್ನು ಎತ್ತಿಕೊಂಡು ನಮ್ಮೆದುರೇ ಪಕ್ಕದ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಒಂದು ತೊಡೆಗೆ ಒಂದು ಸೂಜಿ, ಇನ್ನೊಂದು ತೊಡೆಗೆ ಇನ್ನೊಂದು. ಕೂಸು ಚೀರಿತು.

“ಉಟ್ಟಿ ಇನ್ನೂ ಗಂಟೆ ಆಗಿಲ್ಲ. ಎರ್ಡೆರ್ಡು ಸೂಜಿ ಯಾಕ್ಲಾ?”

“ಕಾಮಾಲೆದು ಕಣವ್ವ. ಬರ್ದಂಗೆ.”

“ಇಷ್ಟುದ್ದದ ಕೂಸಿಗೆ ಯಾರಿಂದ ಬಂದದು?”

ಇನ್ನು ಸುಳ್ಳು ಹೇಳಲು ನನ್ನ ಕೈಲಿ ಆಗಲಿಲ್ಲ. “ತಾಯಿಂದ” ಅಂದೆ.

“ಅವ್ಳಿಗೆ ಯಾರಿಂದ ಬಂತು?”

“ಅಕ್ಕನಿಂದ.”

ಅವ್ವ ತೆರೆದ ಬಾಗಿಲಿನ ಕಡೆ ನೋಡಿದಳು. ಅವಳಿಗೆ ಓದು ಬರಹ ಬರುವುದಿಲ್ಲ, ಆದರೆ ಒಂದು ಮಾತಿಗೆ ಇನ್ನೊಂದನ್ನು ಕೂಡಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮುಂದಿನ ಪ್ರಶ್ನೆ ನೇರವಾಗಿ ಕೇಳಲಿಲ್ಲ.

“ಆವತ್ತು ಸಕ್ಕರೆ ಕಾಯ್ಲೆ ನೋಡ್ತೀನಿ ಅಂತ ರಕ್ತ ತಗಂಡ್ಯಲ್ಲ, ಇದ್ಕೇಯಾ?”

“ಊಂ.”

“ಅದೆಯಾ ನಂಗೆ?”

ನಾನು ಹೌದೆಂದು ತಲೆ ಆಡಿಸಿದೆ.

“ಅಂಗಾರೆ ಬಾಗ್ಲುದಲ್ಲ.”

“ಬಾಗ್ಲುದಲ್ಲ ಕಣವ್ವ. ಆವತ್ತೇ ಯೋಳ್ಬೇಕಿತ್ತು.”

“ಬಾಗ್ಲುದೇ ಆಗಿದ್ರೆ ಚೆಂದಾಗಿತ್ತು” ಅಂದಳು.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಒಳಗೆ ಕೂಸಿನ ಅಳು ನಿಂತಿತು. ನರ್ಸು ಅದನ್ನು ತಾಯಿಯ ಹತ್ತಿರ ಒಯ್ದಳು. ಅವ್ವ ಮೆಲ್ಲಗೆ ನನ್ನ ಕಡೆ ತಿರುಗಿದಳು. ಅವಳು ಏನು ಕೇಳುತ್ತಾಳೆ ಎಂದು ನನಗೆ ಗೊತ್ತಾಯಿತು.

“ನಿಂಗೆ?”

ಈ ಕೆಲಸಕ್ಕೆ ಸೇರಿದ ಮೇಲೆ ನಾನು ಒಂದೇ ಒಂದು ಸುಳ್ಳು ರಿಪೋರ್ಟು ಬರೆದವನಲ್ಲ. ಗಂಡನಿಗೆ ಗೊತ್ತಾಗಬಾರದು ಎಂದು ಕಾಲು ಹಿಡಿದವರಿಗೂ ಬರೆದುಕೊಟ್ಟಿಲ್ಲ, ಕೆಲಸ ಹೋಗುತ್ತದೆ ಎಂದು ಅತ್ತವರಿಗೂ ಬರೆದುಕೊಟ್ಟಿಲ್ಲ.

“ಇಲ್ಲ ಕಣವ್ವ. ನಂಗಿಲ್ಲ.”

ಅವ್ವ ನನ್ನ ಗದ್ದ ಹಿಡಿದು ಮುಖವನ್ನು ವರಾಂಡದ ಕಿಟಕಿಯ ಬೆಳಕಿಗೆ ತಿರುಗಿಸಿದಳು. ಒರಟು ಹೆಬ್ಬೆರಳಿನಲ್ಲಿ ಕೆಳರೆಪ್ಪೆ ಎಳೆದು, ಜಗಲಿಯ ಮೇಲೆ ಕೂರಿಸಿಕೊಂಡವರನ್ನು ನೋಡುತ್ತಿದ್ದ ಹಾಗೆಯೇ ಬಹಳ ಹೊತ್ತು ನೋಡಿದಳು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು.

“ಬೆಳ್ಳಗದೆ” ಅಂದಳು. ಕೈ ತೆಗೆಯಲಿಲ್ಲ. “ನಿಮ್ಮಕ್ಕಂದೂ ಅಷ್ಟೊರ್ಸ ಬೆಳ್ಳಗೇ ಇತ್ತು.”